ಹಾಳೆ ಬೇಡವೆಂದು ಕುರ್ಚಿಯಿಂದ ಎದ್ದು ಹೋದವರಿಗೆ

ರೂಟ್ ಕೆನಾಲ್‌ಗೆಂದು ಬಂದು, ಬಾಯಿಗೆ ರಬ್ಬರ್ ಹಾಳೆ ಹಾಕುತ್ತಾರೆಂದು ತಿಳಿದೊಡನೆ ಎದ್ದು ಹೋದವರಿಗೆ, ಎದ್ದು ಹೋಗಲು ಸಂಕೋಚವಾಗಿ ಕುರ್ಚಿಯ ಕೈ ಬಿಗಿಹಿಡಿದು ಕೂತವರಿಗೆ, ಕ್ಲಿನಿಕ್ಕಿನ ಮೆಟ್ಟಿಲೇ ಹತ್ತದೆ ನೋವಿನ ಮಾತ್ರೆಯಲ್ಲಿ ದಿನ ದೂಡುತ್ತಿರುವವರಿಗೆ ಬರೆಯುತ್ತಿದ್ದೇನೆ.

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಹಲ್ಲಿನ ಡಾಕ್ಟರು. ದಿನದ ಹೆಚ್ಚು ಹೊತ್ತು ರೂಟ್ ಕೆನಾಲ್ ಕೆಲಸದಲ್ಲೇ ಹೋಗುತ್ತದೆ. “ಮೇಡಂ, ಇಂಜೆಕ್ಷನ್ ಎಷ್ಟು ಬೇಕಾದ್ರೂ ಕೊಡಿ, ಆ ರಬ್ಬರ್ ಮಾತ್ರ ಬೇಡ” ಎನ್ನುವವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ. ಹೀಗೆ ಹೇಳುವವರನ್ನು ಪುಕ್ಕಲರೆಂದು ಯಾರೂ ಕರೆಯಲಾರರು. ಹೆರಿಗೆ ನೋವು ತಿಂದವರು, ಮಳೆಯಲ್ಲಿ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವರು, ರಾತ್ರಿ ಮಂಜಿನಲ್ಲಿ ಘಾಟಿ ಇಳಿಸುವ ಬಸ್ ಡ್ರೈವರುಗಳು. ನೋವನ್ನು ಅವರು ತಡೆದುಕೊಂಡಾರು. ಉಸಿರು ಸಿಗದೆ ಹೋದರೆ, ‘ನಿಲ್ಲಿಸಿ’ ಎನ್ನಲು ಬಾಯೇ ಇಲ್ಲದೆ ಹೋದರೆ ಎಂಬುದೇ ಅವರ ಭಯ. ಮುಖದ ಮೇಲೆ ಏನಾದರೂ ಬಂದು ಕೂತರೆ ಕಿತ್ತೊಗೆಯಲು ಕೈ ತಾನಾಗಿ ಏಳುತ್ತದೆ. ದೇಹ ತನ್ನನ್ನು ಕಾಯ್ದುಕೊಳ್ಳುವುದೇ ಹಾಗೆ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಆದರೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಹಾಳೆ ಬೇಡ ಎನ್ನಬೇಡಿ. ‘ಹಾಳೆ ಹಾಕಿ, ಆದರೆ ನನ್ನ ಕೆಲವು ಷರತ್ತುಗಳಿವೆ’ ಎನ್ನಿ. ಆ ಷರತ್ತುಗಳು ಯಾವುವೆಂದು ಹೇಳುವುದಕ್ಕೇ ಈ ಪತ್ರ.

ಆರು ಇಂಚು ಉದ್ದ, ಆರು ಇಂಚು ಅಗಲದ ತೆಳ್ಳನೆಯ ರಬ್ಬರು ಅದು, ರಬ್ಬರ್ ಡ್ಯಾಮ್ ಎಂದು ಹೆಸರು. ಹಸಿರು ಇಲ್ಲವೇ ನೀಲಿ ಬಣ್ಣ. ಕೆಲವಕ್ಕೆ ಪುದೀನದ ಪರಿಮಳ ಸೇರಿಸಿರುತ್ತಾರೆ. ಪಂಚಿನಿಂದ ಅದರಲ್ಲೊಂದು ಸಣ್ಣ ತೂತು ಮಾಡುತ್ತೇವೆ. ಕೆಲಸ ಆಗಬೇಕಾದ ಹಲ್ಲೊಂದು ಆ ತೂತಿನಿಂದ ಹೊರಗೆ ಬರುತ್ತದೆ. ನಾಲಗೆ, ಕೆನ್ನೆ, ಗಂಟಲು ಎಲ್ಲ ಹಾಳೆಯ ಹಿಂದೆ ಉಳಿಯುತ್ತವೆ. ಹಾಳೆ ಜಾರದಂತೆ ಹಲ್ಲಿನ ಕುತ್ತಿಗೆಗೆ ಉಕ್ಕಿನ ಕ್ಲ್ಯಾಂಪು ಕೂರಿಸಿ, ಅಂಚುಗಳನ್ನು ಎಳೆದು ಒಂದು ಫ್ರೇಮಿಗೆ ಸಿಕ್ಕಿಸುತ್ತೇವೆ. ಕ್ಲ್ಯಾಂಪಿಗೆ ಉದ್ದನೆಯ ಫ್ಲಾಸ್ ದಾರ ಕಟ್ಟಿ ತುದಿಯನ್ನು ಬಾಯಿಯ ಹೊರಗೆ ಇಳಿಬಿಡುತ್ತೇವೆ. ಅಕಸ್ಮಾತ್ ಕ್ಲ್ಯಾಂಪು ಜಾರಿದರೆ ದಾರ ಹಿಡಿದು ಎಳೆದುಬಿಡಬಹುದು. ಹಾಳೆ ಮೂಗಿನ ಕೆಳಗೇ ನಿಲ್ಲಬೇಕು. ಮೂಗಿಗೆ ತಾಗಿದರೆ ಅಂಚನ್ನು ಮಡಚಿ, ಇಲ್ಲವೇ ಕತ್ತರಿಸಿ ಎಂದು ಕೇಳಲು ಸಂಕೋಚ ಬೇಡ. ಇದು ನಿಮ್ಮ ಮೊದಲ ಷರತ್ತು.

1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಎಂಬ ವೈದ್ಯರು ಇದನ್ನು ಬಳಕೆಗೆ ತಂದರು. ಆಗ ಹುಳುಕು ಹಲ್ಲಿಗೆ ಚಿನ್ನದ ತೆಳು ತಗಡನ್ನು ಪದರ ಪದರವಾಗಿ ಬಡಿದು ತುಂಬುತ್ತಿದ್ದರು. ಎಂಜಲು ಸೋಕಿದರೆ ಪದರ ಪದರಕ್ಕೆ ಹಿಡಿಯುತ್ತಿರಲಿಲ್ಲ. ಕೆಳದವಡೆಯಲ್ಲಿ ಎಷ್ಟು ಒರೆಸಿದರೂ ಮತ್ತೆ ಎಂಜಲು ತುಂಬಿಕೊಳ್ಳುವುದರಿಂದ ಬೇಸತ್ತು ಅವರು ಈ ಉಪಾಯ ಕಂಡುಕೊಂಡರು. ನೂರೈವತ್ತು ವರ್ಷ ದಾಟಿದ ಮೇಲೂ ಅದರ ರೂಪ ಹೆಚ್ಚು ಬದಲಾಗಿಲ್ಲ.

ಇವತ್ತು ನಾವು ಹಾಳೆಗೆ ಅಂಟಿಕೊಂಡಿರುವ ಮುಖ್ಯ ಕಾರಣ ನಿಮ್ಮ ಗಂಟಲು. ಹಲ್ಲಿನ ಬೇರಿನೊಳಗೆ ಆಡಿಸುವ ಫೈಲ್ ನೋಡಿದ್ದೀರಾ? ತೆಳ್ಳನೆಯವುಗಳಲ್ಲೊಂದರ ತುದಿಯ ದಪ್ಪ 0.10 ಮಿಲಿಮೀಟರ್, ಉದ್ದ 21 ಅಥವಾ 25 ಮಿಲಿಮೀಟರ್. ನೀವು ಅಂಗಾತ ಮಲಗಿರುತ್ತೀರಿ, ಡಾಕ್ಟರ ಗ್ಲೌಸು ಒದ್ದೆಯಾಗಿರುತ್ತದೆ. ಬೆರಳಿನಿಂದ ಜಾರಿದ ಫೈಲು ನೇರ ಗಂಟಲಿಗೆ ಬೀಳುತ್ತದೆ. ಹೊಟ್ಟೆಗೆ ಹೋದರೆ ಎಕ್ಸ್‌ರೇ ತೆಗೆದು ಕಾಯಬೇಕು. ಶ್ವಾಸನಾಳಕ್ಕೆ ಇಳಿದರೆ ಹೆಚ್ಚಾಗಿ ಬಲಗಡೆಗೇ ಹೋಗುತ್ತದೆ, ಆ ಕವಲು ಅಗಲ, ನೆಟ್ಟಗೂ ಇರುತ್ತದೆ. ಆಮೇಲೆ ನಮ್ಮೂರಿನವರಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಿ, ಶ್ವಾಸಕೋಶದೊಳಗೆ ಟ್ಯೂಬು ಇಳಿಸಿ ತೆಗೆಸಬೇಕು. ಹಾಳೆ ಇದ್ದರೆ ಅದೇ ಫೈಲು ಹಾಳೆಯ ಮೇಲೆ ಬೀಳುತ್ತದೆ, ಎತ್ತಿಡುತ್ತೇವೆ, ಅಷ್ಟೇ.

ಬೇರನ್ನು ತೊಳೆಯುವ ದ್ರಾವಣದ ವಿಷಯವೂ ಹಾಗೆಯೇ. ಸೋಡಿಯಂ ಹೈಪೋಕ್ಲೋರೈಟ್ ಎಂದು ಅದರ ಹೆಸರು. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹೆಚ್ಚಾದ ದಿನ ಬರುತ್ತದಲ್ಲ, ಆ ವಾಸನೆಯೇ. ಸತ್ತ ನರವನ್ನು ಕರಗಿಸುವ, ಕೀಟಾಣುಗಳನ್ನು ಕೊಲ್ಲುವ ಗುಣ ಅದಕ್ಕಿದೆ. ಅದೇ ಗುಣದಿಂದ ನಾಲಗೆಯ, ಗಂಟಲಿನ ಮೆದು ಚರ್ಮವನ್ನೂ ಸುಡುತ್ತದೆ. ‘ರೂಟ್ ಕೆನಾಲ್ ಮಾಡುವಾಗ ಗಂಟಲಿಗೆ ಏನೋ ಉರಿ ನೀರು ಇಳಿಯಿತು’ ಎಂದು ಎಲ್ಲೋ ಮಾಡಿಸಿಕೊಂಡು ಬಂದವರು ದೂರುವುದುಂಟು. ಆ ನೀರನ್ನು ತಡೆಯುವುದು ಈ ಹಾಳೆಯೇ.

ಮೂರನೆಯದು ಕೀಟಾಣು. 1965ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಹಲ್ಲು ಕೊರೆದು ಒಳಗಿನ ನರವನ್ನು ತೆರೆದಿಟ್ಟು ನೋಡಿದರು. ಕೀಟಾಣುಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಗಾಯ ತಾನಾಗಿ ಮಾಗಿತು. ಸಾಮಾನ್ಯ ಇಲಿಗಳಲ್ಲಿ ನರ ಸತ್ತು ಕೀವಾಯಿತು. ನಮ್ಮ ವಿದ್ಯೆಯ ಬುನಾದಿಯಲ್ಲಿರುವ ಪ್ರಯೋಗ ಇದು. ಎಂಜಲಿನ ಹನಿ ಹನಿಯಲ್ಲೂ ಕೀಟಾಣುಗಳಿರುವಾಗ ಒಂದು ಕೈಯಲ್ಲಿ ಬೇರು ತೊಳೆದು ಇನ್ನೊಂದು ಕಡೆಯಿಂದ ಎಂಜಲು ಒಳಬಿಟ್ಟರೆ ಏನು ಬಂತು? ತೈವಾನಿನಲ್ಲಿ ಆರೋಗ್ಯ ವಿಮೆಯ ದಾಖಲೆಗಳಿಂದ 5 ಲಕ್ಷಕ್ಕೂ ಹೆಚ್ಚು ಹಲ್ಲುಗಳ ಲೆಕ್ಕ ತೆಗೆದು 2014ರಲ್ಲಿ ಪ್ರಕಟಿಸಿದರು. ಮೂರೂವರೆ ವರ್ಷದ ಆಸುಪಾಸಿನಲ್ಲಿ ಹಾಳೆ ಹಾಕಿ ಚಿಕಿತ್ಸೆ ಮಾಡಿದ ಹಲ್ಲುಗಳಲ್ಲಿ 90.3 ಪ್ರತಿಶತ ಉಳಿದಿದ್ದವು, ಹಾಕದವುಗಳಲ್ಲಿ 88.8 ಪ್ರತಿಶತ. ವ್ಯತ್ಯಾಸ ಬಹಳ ದೊಡ್ಡದೇನಲ್ಲ ಎಂದು ನಿಮಗೆ ಅನಿಸಿದರೆ ನಾನು ಜಗಳಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ ಗಂಟಲಿನ ಕಾರಣವೊಂದೇ ಸಾಕು. ಯುರೋಪಿನ ಮತ್ತು ಅಮೆರಿಕದ ಎಂಡೊಡಾಂಟಿಕ್ (ಹಲ್ಲಿನ ಬೇರಿನ ಚಿಕಿತ್ಸೆಯ) ಸಂಘಗಳೆರಡೂ ರೂಟ್ ಕೆನಾಲನ್ನು ಹಾಳೆ ಹಾಕಿಯೇ ಮಾಡಬೇಕೆನ್ನುತ್ತವೆ.

ಇನ್ನು ನಿಮ್ಮ ಭಯಕ್ಕೆ ಬರುತ್ತೇನೆ.

ಉಸಿರು. ಬಾಯಿ ತೆರೆದಿದ್ದರೂ ಮೂಗಿನಿಂದ ಆರಾಮಾಗಿ ಉಸಿರಾಡಬಹುದು. ಇದನ್ನು ಮನೆಯಲ್ಲೇ ನೋಡಿಕೊಳ್ಳಿ. ರಾತ್ರಿ ದಿಂಬಿಗೆ ಒರಗಿ, ಎರಡು ಬೆರಳು ತೂರುವಷ್ಟು ಬಾಯಿ ತೆರೆದು, ಮೂಗಿನಿಂದ ನಿಧಾನಕ್ಕೆ ಉಸಿರು ಎಳೆದು ಬಿಡಿ. ಮೂಗಿನ ಕೆಳಗೆ ಬೆರಳು ಹಿಡಿದರೆ ಗಾಳಿ ತಾಗುತ್ತದೆ. ಅದು ರೂಢಿಯಾದ ಮೇಲೆ ತೆರೆದ ಬಾಯಿಯ ಮೇಲೆ ಒಂದು ಕರ್ಚೀಫು ಹಿಡಿದು ಅದನ್ನೇ ಮಾಡಿ. ಕರ್ಚೀಫು ನಿಮ್ಮ ಕೈಯಲ್ಲೇ ಇರುತ್ತದೆ, ಸಾಕೆನಿಸಿದರೆ ತೆಗೆದುಬಿಡಿ. ನಾಲ್ಕಾರು ರಾತ್ರಿ ಹೀಗೆ ಮಾಡಿ ಬಂದವರು ಕುರ್ಚಿಯಲ್ಲಿ ಬೇರೆಯೇ ಥರ ಕೂರುತ್ತಾರೆ.

ಮೂಗು ನಿಜವಾಗಿಯೂ ಕಟ್ಟಿದ್ದರೆ ಅದು ಬೇರೆ ಮಾತು. ನಮ್ಮ ಕಡೆ ಆಷಾಢದ ಮಳೆ ಹಿಡಿದರೆ ಅರ್ಧ ಊರಿಗೆ ನೆಗಡಿ. ಆ ದಿನ ಧೈರ್ಯ ಮಾಡಿ ಕೂರಬೇಡಿ; ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಮುಂದೆ ಹಾಕಿಸಿ. ಹಲ್ಲಿನ ನೋವು ತಡೆಯಲಾಗದಿದ್ದರೆ ಬನ್ನಿ, ಅವತ್ತಿಗೆ ನೋವು ತಗ್ಗಿಸಿ ಕಳಿಸುತ್ತೇವೆ. ಬಿ.ಪಿ. ಇರುವವರು ಅಂಗಡಿಯಿಂದ ಮೂಗಿನ ಡ್ರಾಪ್ಸ್ ತಂದು ಹಾಕಿಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ. ಮೂಗಿನ ನಡುಗೋಡೆ ಸೊಟ್ಟಗಿದ್ದು ವರ್ಷವಿಡೀ ಬಾಯಿಂದಲೇ ಉಸಿರಾಡುವವರಿದ್ದಾರೆ. ಅವರಿಗಾಗಿ ಹಾಳೆಯ ಒಂದು ಮೂಲೆಯಲ್ಲಿ, ಹಲ್ಲಿನಿಂದ ದೂರಕ್ಕೆ, ಬೆರಳಗಲದ ತೂತು ಕತ್ತರಿಸುತ್ತೇವೆ. ಬಾಯಿಗೂ ಗಾಳಿ ಬರುತ್ತದೆ, ಕೆಲಸಕ್ಕೂ ಅಡ್ಡಿಯಾಗುವುದಿಲ್ಲ. ‘ಒಂದು ಕಿಂಡಿ ಬಿಡಿ’ ಎಂದು ಕೇಳಿ. ಎಷ್ಟೋ ಜನಕ್ಕೆ ಆ ಕಿಂಡಿ ಇದೆ ಎಂಬ ಧೈರ್ಯವೇ ಸಾಕಾಗಿ, ಅದರಿಂದ ಉಸಿರಾಡುವ ಪ್ರಸಂಗವೇ ಬರುವುದಿಲ್ಲ.

ಉಸಿರಿಗಿಂತ ದೊಡ್ಡದು ಮಾತಿನ ಭಯ ಎಂದು ನನ್ನ ಅನುಭವ. ಹಾಳೆ ಕೂತ ಮೇಲೆ ‘ಆಂ’, ‘ಊಂ’ ಬಿಟ್ಟರೆ ಏನೂ ಹೊರಡುವುದಿಲ್ಲ. ಆದ್ದರಿಂದ ಬಾಯಿ ಕಟ್ಟುವ ಮೊದಲೇ ಕೈ ಸನ್ನೆ ಗೊತ್ತುಮಾಡಿಕೊಳ್ಳಬೇಕು. ಎಡಗೈ ಎತ್ತಿದರೆ ನಿಲ್ಲಿಸಬೇಕು. ಎಡಗೈಯೇ ಏಕೆಂದರೆ ಡಾಕ್ಟರು ಸಾಮಾನ್ಯವಾಗಿ ನಿಮ್ಮ ಬಲಗಡೆ ಕೂತಿರುತ್ತಾರೆ, ಡ್ರಿಲ್ಲು ಸೂಜಿ ಎಲ್ಲ ಆ ಕಡೆಗೇ ಇರುತ್ತವೆ. ಎರಡು ಬೆರಳು ತೋರಿಸಿದರೆ ಎಂಜಲು ತುಂಬಿದೆ, ಸಕ್ಷನ್ ಹಾಕಿ ಎಂದು. ಡಾಕ್ಟರು ಏನಾದರೂ ಕೇಳಿದರೆ ಹೌದಿಗೆ ಹೆಬ್ಬೆರಳು ಮೇಲೆ, ಇಲ್ಲಕ್ಕೆ ಕೆಳಗೆ. ಮುಖ್ಯವಾದದ್ದು ಮುಂದಿದೆ: ಹಾಳೆ ಹಾಕಿದ ಮೇಲೆ, ಡ್ರಿಲ್ ಶುರುವಾಗುವ ಮೊದಲು, ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ಎಡಗೈ ಎತ್ತಿ. ಡಾಕ್ಟರು ನಿಜಕ್ಕೂ ಕೈ ಹಿಂದೆಗೆದುಕೊಳ್ಳುತ್ತಾರೋ, ‘ಇನ್ನೊಂದೇ ನಿಮಿಷ’ ಎಂದು ಮುಂದುವರಿಸುತ್ತಾರೋ ನೋಡಿ. ಮುಂದುವರಿಸುವವರಾದರೆ ಆ ಕುರ್ಚಿಯಿಂದ ನೀವು ಎದ್ದು ಬಂದರೂ ತಪ್ಪು ನಿಮ್ಮದಲ್ಲ. ಬಾಯಿ ಕಟ್ಟಿಸಿಕೊಂಡ ಮನುಷ್ಯನ ಕೈಗೆ ಬೆಲೆ ಕೊಡದವರು ಎಷ್ಟೇ ನುರಿತವರಾಗಿದ್ದರೂ ನಾನು ಅವರ ಪರವಾಗಿ ವಾದಿಸುವುದಿಲ್ಲ.

ಹಾಳೆ ಎಷ್ಟು ಬೇಗ ಹೊರಬರುತ್ತದೆ ಎಂಬುದನ್ನೂ ಮೊದಲೇ ತೋರಿಸಲು ಹೇಳಿ. ಫೋರ್ಸೆಪ್ಸ್‌ನಿಂದ ಕ್ಲ್ಯಾಂಪು ಸಡಿಲಿಸಿದರೆ ಹಾಳೆ, ಫ್ರೇಮು ಎಲ್ಲ ಒಟ್ಟಿಗೆ ಕೈಗೆ ಬರುತ್ತವೆ; ಕೆಲವು ಸೆಕೆಂಡಿನ ಮಾತು. ಹಾಕಿದಷ್ಟೇ ಸುಲಭವಾಗಿ ತೆಗೆಯಬಹುದು ಎಂಬುದು ಕಣ್ಣಿಗೆ ಬಿದ್ದರೆ ಎದೆಬಡಿತ ಇಳಿಯುತ್ತದೆ.

ಒಬ್ಬ ತೋಟದ ಯಜಮಾನರು ಹೆಂಡತಿಯ ಜೊತೆ ಬಂದಿದ್ದರು. ಕೆಳದವಡೆಯ ಹಲ್ಲು, ರಾತ್ರಿ ನಿದ್ದೆ ಇಲ್ಲ. ಹಾಳೆ ಕಂಡೊಡನೆ ಮುಖ ಬೆವೆತಿತು. “ಡಾಕ್ಟ್ರೇ, ಸಣ್ಣವನಿದ್ದಾಗ ಕೆರೇಲಿ ಮುಳುಗಿದ್ದೆ. ಬಾಯಿ ಹತ್ರ ಏನೇ ಬಂದ್ರೂ ಆ ನೀರೇ ನೆನಪಾಗತ್ತೆ.” ಪಕ್ಕದಲ್ಲಿದ್ದ ಅವರ ಮನೆಯವರು, “ಚಳಿಗಾಲದಲ್ಲೂ ಇವ್ರು ಕಂಬಳಿ ಕುತ್ತಿಗೆ ತನಕಾನೇ ಹೊದ್ಕೊಳ್ಳೋದು ಮೇಡಂ” ಎಂದರು. ಆ ದಿನ ನೋವಿಗಷ್ಟೇ ವ್ಯವಸ್ಥೆ ಮಾಡಿ, ಒಂದು ಹೊಸ ಹಾಳೆಯನ್ನು ಫ್ರೇಮಿಗೆ ಸಿಕ್ಕಿಸಿ ಅವರ ಕೈಗೆ ಕೊಟ್ಟೆ. ಎಳೆದು ನೋಡಿದರು, ಮೂಸಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ತಾವೇ ಬಾಯಿಗೆ ಹಿಡಿದುಕೊಂಡರು, ತೆಗೆದರು, ಮತ್ತೆ ಹಿಡಿದರು. ಮನೆಗೂ ಕೊಂಡೊಯ್ದರು. ಮುಂದಿನ ಸಲ ಮೂಲೆಯಲ್ಲಿ ಕಿಂಡಿ ಕತ್ತರಿಸಿ ಹಾಳೆ ಹಾಕಿದೆವು. ಫ್ರೇಮಿನ ಒಂದು ತುದಿಯನ್ನು ಎಡಗೈಯಲ್ಲಿ ಹಿಡಿದುಕೊಳ್ಳಲು ಬಿಡಿ ಎಂದು ಕೇಳಿದರು, ಬಿಟ್ಟೆ. ಸ್ವಲ್ಪ ಅನನುಕೂಲವಾಯಿತು, ಆದರೆ ಅನನುಕೂಲ ನನ್ನದು. ಎರಡು ಸಲ ಕೈ ಎತ್ತಿದರು, ಎರಡು ಸಲವೂ ಹಾಳೆ ತೆಗೆದು, ಅವರು ನೀರು ಮುಕ್ಕಳಿಸಿ ಹೊರಗೆ ಹೋಗಿ ನಿಂತು ಬಂದ ಮೇಲೆ ಮತ್ತೆ ಹಾಕಿದೆವು. ಆ ಹಲ್ಲಲ್ಲಿ ಈಗ ಕೋಡುಬಳೆ ಕಡಿಯುತ್ತಾರೆ.

ಬೇಗ ಹೇಳಿ ಮುಗಿಸಬಹುದಾದ ಕೆಲವು ಸಂಗತಿಗಳಿವೆ. ಕ್ಲ್ಯಾಂಪು ಕೂರುವಾಗ ಹಲ್ಲು ಬಿಗಿಯಾಗಿ ಅದುಮಿದಂತಾಗುವುದು ಸಹಜ. ಚುಚ್ಚಿದಂತೆ ನೋವಾದರೆ ಸಹಿಸಿಕೊಳ್ಳಬೇಡಿ. ನಾಲಗೆಯ ಕಡೆಯ ವಸಡು ಇನ್ನೂ ಜೋಮು ಹಿಡಿದಿಲ್ಲ ಎಂದು ಅರ್ಥ, ಅಲ್ಲಿಗೊಂದು ಹನಿ ಇಂಜೆಕ್ಷನ್ ಕೊಡಬಹುದು. ಮರುದಿನ ವಸಡು ಕೊಂಚ ನೊಂದರೆ ಬಿಸಿ ಉಪ್ಪುನೀರು ಮುಕ್ಕಳಿಸಿ. ಹಾಳೆಯ ಹಿಂದೆ ಎಂಜಲು ಸೇರಿದರೆ ನುಂಗಬಹುದು. ನುಂಗಬಾರದೆಂದು ತಡೆಹಿಡಿದು ಕೂತವರಿಗೇ ಗಾಬರಿ ಏರುವುದು. ಓಕರಿಕೆ ಬರುವವರು ಒಂದು ಕಾಲನ್ನು ಸ್ವಲ್ಪ ಮೇಲೆತ್ತಿ ಅದರ ಮೇಲೆ ಗಮನವಿಡಿ. ನಾಲಗೆಯ ತುದಿಗೆ ಚಿಟಿಕೆ ಉಪ್ಪು ಹಚ್ಚಿಕೊಂಡರೂ ಕೆಲವರಿಗೆ ಹಿಡಿತಕ್ಕೆ ಬರುತ್ತದೆ. ಡ್ರಿಲ್ಲಿನ ನೀರು ಗಂಟಲಿಗೆ ಬೀಳದ ಕಾರಣ ಹಾಳೆ ಹಾಕಿದ ಮೇಲೆ ಓಕರಿಕೆ ಕಡಿಮೆಯಾಯಿತೆಂದು ಹೇಳಿದವರೂ ಇದ್ದಾರೆ. ಮೂಗುತಿ ಇದ್ದವರು ಆ ದಿನ ತೆಗೆದಿಟ್ಟು ಬನ್ನಿ, ಫ್ರೇಮಿನ ಅಂಚು ತಾಗಿ ನೋಯುತ್ತದೆ. ತೆಗೆಯುವ ರೂಢಿ ಇಲ್ಲದವರು ಹೇಳಿ, ಅಲ್ಲಿ ಮೆತ್ತಗೆ ಗಾಜ್ ಇಡುತ್ತೇವೆ. ತುಟಿಯ ಮೂಲೆಗೆ ವ್ಯಾಸಲೀನ್ ಕೇಳಿ.

ಎರಡು ವಿಷಯಗಳನ್ನು ಮಾತ್ರ ಮರೆಯದೆ ಹೇಳಲೇಬೇಕು. ಬಲೂನು ಊದಿದರೆ, ರಬ್ಬರ್ ಗ್ಲೌಸು ತಾಗಿದರೆ ತುಟಿ ಊದುವುದು, ತುರಿಕೆ, ಉಬ್ಬಸ ಆಗುತ್ತದೆಯೇ? ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣು ತಿಂದಾಗ ಬಾಯಿ ತುರಿಸುತ್ತದೆಯೇ? ಹಾಗಿದ್ದರೆ ನಿಮಗೆ ರಬ್ಬರ್ ಹಾಲಿನ ಅಲರ್ಜಿ ಇರಬಹುದು. ಅಂಥವರಿಗೆಂದೇ ಲ್ಯಾಟೆಕ್ಸ್ ಇಲ್ಲದ ಹಾಳೆಗಳಿವೆ, ಗ್ಲೌಸನ್ನೂ ಬದಲಿಸಬೇಕಾಗುತ್ತದೆ. ಇನ್ನೊಂದು, ಗುಟ್ಕಾ, ಅಡಿಕೆ ಜಗಿದು ಜಗಿದು ಕೆನ್ನೆ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದವರು. ನಮ್ಮ ಕಡೆ ಅಂಥವರು ಬಹಳ. ಅವರ ಹಿಂದಿನ ಹಲ್ಲಿಗೆ ಕ್ಲ್ಯಾಂಪು ಕೂರಿಸುವುದೇ ಕಷ್ಟ, ಹೊತ್ತು ಹಿಡಿಯುತ್ತದೆ. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಕೆನ್ನೆಯ ಆ ಬಿಗಿತವನ್ನು ಹೇಗೂ ಪರೀಕ್ಷೆ ಮಾಡಿಸಲೇಬೇಕು, ಅದು ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ.

ಮಕ್ಕಳನ್ನು ಕರೆತರುವ ತಾಯಂದಿರೇ, ತಂದೆಯರೇ, ‘ಏನೂ ಮಾಡಲ್ಲ ಕಂದಾ’ ಎಂದು ಸುಳ್ಳು ಹೇಳಿ ಕೂರಿಸಬೇಡಿ. ‘ಹಲ್ಲಿಗೆ ರೈನ್‌ಕೋಟು ಹಾಕ್ತಾರೆ, ಕ್ಲ್ಯಾಂಪು ಅದರ ಗುಂಡಿ’ ಎಂದು ಹೇಳಿಕೊಟ್ಟು, ಮೊದಲು ಅದನ್ನು ಮಗುವಿನ ಬೆರಳಿಗೆ ಹಾಕಿ ತೋರಿಸಲು ಡಾಕ್ಟರನ್ನು ಕೇಳಿ.

ಹಾಳೆಯೊಂದೇ ಅಡ್ಡಗೋಡೆಯಲ್ಲ. ನಮ್ಮ ಮುಖಕ್ಕೂ ಮಾಸ್ಕಿದೆ. 2020ರ ಕೋವಿಡ್ ಬಂದ ಮೇಲೆ ಅದರ ಮೇಲೊಂದು ಪ್ಲಾಸ್ಟಿಕ್ ಶೀಲ್ಡೂ ಸೇರಿತು. ಕಿವಿ ಕೇಳಿಸದವರಿಗೆ, ತುಟಿ ನೋಡಿ ಮಾತು ತಿಳಿಯುವವರಿಗೆ ಇದರಿಂದಾದ ತೊಂದರೆ ಬಹಳ. ತನ್ನ ಬಾಯಿಗೆ ಹಾಳೆ, ಎದುರಿನವರ ಬಾಯಿಗೆ ಮಾಸ್ಕು. ಎರಡೂ ಕಡೆ ಮಾತು ಕಟ್. ಅಂಥವರು ಕೆಲಸ ಶುರುವಾಗುವ ಮೊದಲು ಮಾಸ್ಕು ತೆಗೆದು, ದೂರ ನಿಂತು ಎಲ್ಲವನ್ನೂ ಹೇಳಿ ಎಂದು ಕೇಳಬೇಕು, ಮುಖ್ಯವಾದದ್ದನ್ನು ಬರೆದು ಕೊಡಿ ಎನ್ನಬೇಕು. ಕಿವಿಯ ಮಿಷಿನ್ ತೆಗೆದಿಡಿ ಎಂದರೆ, ಡ್ರಿಲ್ಲಿನ ಸದ್ದು ಕರ್ಕಶವಾಗದಿದ್ದರೆ, ಇರಲಿ ಬಿಡಿ ಎನ್ನಿ. ಜೊತೆಗೆ ಬಂದವರು ನಿಮ್ಮ ಕಣ್ಣಿಗೆ ಕಾಣುವಂತೆ ಕಾಲ ಬಳಿ ನಿಲ್ಲಬಹುದು. ಕಿವಿ ಚೆನ್ನಾಗಿರುವವರೂ ಮಾಸ್ಕಿನ ಹಿಂದಿನ ಮುಖ ಒಮ್ಮೆ ತೋರಿಸಿ ಎಂದರೆ ಯಾವ ಡಾಕ್ಟರೂ ಬೇಸರಪಡಬಾರದು.

ನಮ್ಮಲ್ಲಿ ಎಷ್ಟೋ ಕಡೆ ಹಾಳೆ ಹಾಕುವುದೇ ಇಲ್ಲ. ಹತ್ತಿಯ ಸುರುಳಿ ಇಟ್ಟು ಕೆಲಸ ಮುಗಿಸುತ್ತಾರೆ. ಏಕೆಂದು ಕೇಳಿದರೆ ‘ಪೇಶೆಂಟ್ ಒಪ್ಪಲ್ಲ’ ಎಂಬ ಉತ್ತರ ಬರುತ್ತದೆ. ಈ ಉತ್ತರ ನನಗೆ ಸಂಕಟ ತರುತ್ತದೆ. ಹಾಳೆ ಹಾಕುವುದನ್ನು ಕಾಲೇಜಿನಲ್ಲಿ ಎಲ್ಲರೂ ಕಲಿತಿರುತ್ತಾರೆ. ಅದರ ಖರ್ಚು ಚಿಕಿತ್ಸೆಯ ಖರ್ಚಿನಲ್ಲಿ ತೀರ ಸಣ್ಣ ಭಾಗ. ಕಡಿಮೆ ಇರುವುದು ಎದುರು ಕೂತು ವಿವರಿಸುವ ಹತ್ತು ನಿಮಿಷ. ನಿಮ್ಮ ಹೆದರಿಕೆಯನ್ನು ನೆಪ ಮಾಡಿ ನಿಮ್ಮ ಗಂಟಲನ್ನೇ ಅಪಾಯಕ್ಕೆ ಒಡ್ಡುವುದನ್ನು ನೀವು ಒಪ್ಪಬಾರದು. ‘ರಬ್ಬರ್ ಡ್ಯಾಮ್ ಹಾಕ್ತೀರಾ?’ ಎಂದು ನೀವೇ ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಕೇಳುವ ಮೊದಲೇ ಹಾಕುತ್ತಾರೆ.

ಇಷ್ಟೆಲ್ಲ ಮಾಡಿಯೂ ಆಗದವರು ಇದ್ದಾರೆ, ಅವರನ್ನು ನಾನು ಬಲ್ಲೆ. ಕೆಲಸವನ್ನು ಸಣ್ಣ ಸಣ್ಣ ಸಿಟ್ಟಿಂಗ್‌ಗಳಲ್ಲಿ ಮಾಡಬಹುದು. ದೊಡ್ಡ ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ಅರೆಮಂಪರು ಬರಿಸಿ ಚಿಕಿತ್ಸೆ ಮಾಡುವ ಏರ್ಪಾಡು ಇರುತ್ತದೆ, ಕೇಳಿ ನೋಡಿ. ಯಾವುದೂ ಒಗ್ಗದಿದ್ದರೆ ಹಲ್ಲು ಕೀಳಿಸುವುದೂ ಒಂದು ದಾರಿಯೇ. ಅದರ ಲಾಭ ನಷ್ಟ ಕೇಳಿ ತಿಳಿದು, ಮನೆಯವರ ಜೊತೆ ಮಾತಾಡಿ ನೀವೇ ನಿರ್ಧರಿಸಿ. ಕೀವು ತುಂಬಿದ ಹಲ್ಲನ್ನು ಇಟ್ಟುಕೊಂಡು ಮಾತ್ರೆ ನುಂಗುತ್ತ ಕೂರುವುದನ್ನು ಮಾತ್ರ ಮಾಡಬೇಡಿ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದೆ, ನುಂಗಲಾಗದೆ ಆದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಅಪಾಯಿಂಟ್‌ಮೆಂಟ್ ಕೇಳಲು ಫೋನ್ ಮಾಡುವಾಗಲೇ ‘ಬಾಯಿ ಮುಚ್ಚಿದರೆ ನನಗೆ ಗಾಬರಿ ಆಗುತ್ತದೆ, ಮೊದಲ ದಿನ ಹಾಳೆ ತೋರಿಸಿ ಕಳಿಸಿದರೆ ಸಾಕು’ ಎಂದು ಹೇಳಿಬಿಡಿ. ಫೋನ್ ಎತ್ತಿದವರು ಅದನ್ನು ಬರೆದುಕೊಂಡರೆ ಅಲ್ಲಿಗೆ ಹೋಗಿ. ಬೆಳಗಿನ ಹೊತ್ತು ಕೇಳಿ, ಸಂಜೆಯ ಗದ್ದಲ ಇರುವುದಿಲ್ಲ. ತಿಂಡಿ ತಿಂದೇ ಬನ್ನಿ.

ಇಂತಿ,
ಮಲೆನಾಡಿನ ಒಬ್ಬ ಹಲ್ಲಿನ ಡಾಕ್ಟರು